ಕೃಷಿ ಹೊಂಡದಲ್ಲಿ ಮೀನು ಬಿಡುವವರು ಇಲ್ಲಿ ಬನ್ನಿ: ಎಷ್ಟು ಮರಿ, ಯಾವ ಜಾತಿ, ಬೇಸಿಗೆಗೆ ಏನು ಗತಿ?

ಚಳ್ಳಕೆರೆ ಹೊಲ:
ಎಲ್ಲರಿಗೂ ನಮಸ್ಕಾರ. ನಮ್ಮದು ಚಳ್ಳಕೆರೆ ತಾಲ್ಲೂಕು, ಶೇಂಗಾ ಮತ್ತು ಈರುಳ್ಳಿ ಬೆಳೆಯುತ್ತೇವೆ. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಕೃಷಿ ಹೊಂಡ ಇದೆ. ಪ್ಲಾಸ್ಟಿಕ್ ಹಾಳೆ ಹಾಸಿದೆ. ಈ ಸಲ ಮಳೆ ಚೆನ್ನಾಗಿ ಬಂದು ಹೊಂಡ ಕಟ್ಟೆವರೆಗೂ ತುಂಬಿದೆ, ಹಾಗಾಗಿ ಮೀನು ಬಿಡೋಣ ಅಂತ ಮನೆಯಲ್ಲಿ ಮಾತು ನಡೆದಿದೆ. ಮರಿ ಮಾರುವವರೊಬ್ಬರು ಬಂದು ನೋಡಿ, ಇಷ್ಟು ದೊಡ್ಡ ಹೊಂಡಕ್ಕೆ ಎರಡು ಸಾವಿರ ಮರಿ ಆರಾಮಾಗಿ ಹಿಡಿಯುತ್ತದೆ ಎಂದರು. ಪಕ್ಕದ ಊರಿನವರು ಐನೂರೇ ಜಾಸ್ತಿ ಅನ್ನುತ್ತಾರೆ. ಯಾರ ಮಾತು ನಂಬಬೇಕು? ಇನ್ನೊಂದು ವಿಷಯ, ಈ ನೀರು ಈರುಳ್ಳಿಗೂ ಬೇಕು. ಮಳೆ ಕೈಕೊಟ್ಟರೆ ಮೊದಲು ಬೆಳೆಗೇ ಬಿಡುತ್ತೇವೆ, ಮೀನಿಗೆ ಅಂತ ನೀರು ಕಾಯ್ದಿಡಲು ಆಗುವುದಿಲ್ಲ.

ಸೂಳೆಕೆರೆ ಬಯಲು:
ಪಕ್ಕದ ಊರಿನವರ ಮಾತೇ ಸರಿ. ಐನೂರು ಕೂಡ ಜಾಸ್ತಿಯೇ. ಯಾಕೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ಹೊಂಡದ 21 ಮೀಟರ್ ಅನ್ನೋದು ಮೇಲಿನ ಅಳತೆ. ಪಕ್ಕಗಳು ಇಳಿಜಾರು ಇರುತ್ತವೆ ಅಲ್ವಾ? ಒಂದು ಮೀಟರ್ ಇಳಿದರೆ ಒಂದು ಮೀಟರ್ ಒಳಗೆ ಬರುವ ಹಾಗೆ ತೋಡಿದ್ದರೆ ತಳ 15 ಮೀಟರ್‌ಗೆ 15 ಮೀಟರ್ ಮಾತ್ರ. ಪೂರ್ತಿ ತುಂಬಿದಾಗ ಸುಮಾರು 980 ಘನ ಮೀಟರ್, ಅಂದರೆ ಹತ್ತು ಲಕ್ಷ ಲೀಟರ್‌ಗೆ ಸ್ವಲ್ಪ ಕಡಿಮೆ. ಇದು ಈಗಿನ ಲೆಕ್ಕ. ನೀರು ಅರ್ಧ ಆಳಕ್ಕೆ, ಅಂದರೆ ಒಂದೂವರೆ ಮೀಟರ್‌ಗೆ ಇಳಿದರೆ ಅರ್ಧ ನೀರು ಉಳಿದಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಉಳಿಯುವುದು ನಾಲ್ಕು ಲಕ್ಷ ಲೀಟರ್ ಅಷ್ಟೇ. ಒಂದು ಮೀಟರ್‌ಗೆ ಬಂದರೆ ಎರಡೂವರೆ ಲಕ್ಷ. ಕೆಳಗೆ ಹೋದಂತೆ ಹೊಂಡ ಕಿರಿದಾಗುತ್ತಾ ಹೋಗುತ್ತದೆ. ಮೀನು ಮಾತ್ರ ಅಷ್ಟು ಹೊತ್ತಿಗೆ ದೊಡ್ಡದಾಗಿರುತ್ತದೆ. ನೀರು ಕಡಿಮೆ, ಮೀನಿನ ತೂಕ ಜಾಸ್ತಿ, ಮೇಲೆ ಏಪ್ರಿಲ್ ಬಿಸಿಲು. ಮೀನು ಸಾಯುವುದು ಈ ಮೂರೂ ಒಟ್ಟಿಗೆ ಬಂದಾಗ.

ಹಾಗಾಗಿ ನನ್ನ ಮಾತು ಇಷ್ಟೇ: ಈಗ ತುಂಬಿರುವ ನೀರು ನೋಡಿ ಮರಿ ಬಿಡಬೇಡಿ, ಮಾರ್ಚ್ ಕೊನೆಗೆ ಎಷ್ಟು ಉಳಿಯಬಹುದು ಅಂತ ಈಗಲೇ ಅಂದಾಜು ಮಾಡಿ ಅದಕ್ಕೆ ತಕ್ಕಷ್ಟು ಬಿಡಿ. ಕಾಟ್ಲಾ, ರೋಹು ಥರದ ಗೆಂಡೆ ಜಾತಿಗಳನ್ನು ಬೆರೆಸಿ ಸಾಕುವಾಗ ಹೆಕ್ಟೇರ್‌ಗೆ 5,000ದಿಂದ 10,000 ಬೆರಳುದ್ದ ಮರಿ ಅನ್ನುವುದು ಸಾಮಾನ್ಯ ಲೆಕ್ಕ. ನಿಮ್ಮ ಹೊಂಡದ ಮೇಲ್ಮೈ 441 ಚದರ ಮೀಟರ್, ನಾಲ್ಕೂ ಚಿಲ್ಲರೆ ಗುಂಟೆ. ಅದಕ್ಕೆ 220ರಿಂದ 440 ಮರಿ ಬರುತ್ತದೆ. 440 ಅನ್ನುವುದು ನೀರು ಬದಲಾಯಿಸಲು ಅನುಕೂಲ ಇರುವವರಿಗೆ. ಚಳ್ಳಕೆರೆಯಲ್ಲಿ ನಾನಾಗಿದ್ದರೆ 250 ದಾಟುತ್ತಿರಲಿಲ್ಲ. ಅವು ತಲಾ ಅರ್ಧ ಕೆ.ಜಿ. ಬಂದರೂ 125 ಕೆ.ಜಿ. ಆಯಿತು. ನಾಲ್ಕು ಲಕ್ಷ ಲೀಟರ್ ನೀರು ಅಷ್ಟನ್ನು ತಾಳುತ್ತದೆ. ಎರಡು ಸಾವಿರ ಬಿಟ್ಟರೆ ಒಂದು ಟನ್ ಮೀನು ಆಗಬೇಕು. ಗಾಳಿ ಆಡಿಸುವ ಯಂತ್ರ ಇಲ್ಲದೆ ಆ ನೀರಿನಲ್ಲಿ ಅದು ಬದುಕುವ ಮಾತೇ ಇಲ್ಲ. ಸಾಯದೆ ಉಳಿದರೂ ಬೆಳೆಯುವುದಿಲ್ಲ, ಗೇಣುದ್ದಕ್ಕೇ ನಿಂತುಬಿಡುತ್ತವೆ.

ಹರಿಹರ ಕಾಲುವೆ:
ಇಷ್ಟು ಹೆದರಿಸಬೇಕಾ? ನಮ್ಮ ಹೊಂಡ ಇದಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅದರಲ್ಲಿ ಸಾವಿರದ ಮೇಲೆ ಮೀನಿವೆ. ರಾತ್ರಿ ಏರೇಟರ್ ಹಾಕುತ್ತೇವೆ, ತೇಲುವ ಕಾಳು ಮೇವು ಕೊಡುತ್ತೇವೆ, ಚೆನ್ನಾಗಿ ಬರುತ್ತಿವೆ. ಮೀನಿನಲ್ಲಿ ನಾಲ್ಕು ಕಾಸು ನೋಡಬೇಕು ಅಂದರೆ ಸ್ವಲ್ಪ ಧೈರ್ಯ ಬೇಕು. 250 ಮರಿ ಬಿಟ್ಟರೆ ಮನೆಯವರು ನೆಂಟರು ತಿನ್ನುವುದಕ್ಕೆ ಸರಿ ಹೋಗುತ್ತದೆ.

ಸೂಳೆಕೆರೆ ಬಯಲು:
ನಿಮಗೆ ಭದ್ರಾ ಕಾಲುವೆ ಇದೆ. ನೀರು ಬಿಟ್ಟ ದಿನಗಳಲ್ಲಿ ಹಳೇ ನೀರು ಹೊರಗೆ ಹಾಕಿ ಹೊಸ ನೀರು ತುಂಬುತ್ತೀರಿ. ಕರೆಂಟ್ ಇದೆ, ಏರೇಟರ್ ಇದೆ, ರಾತ್ರಿ ಎದ್ದು ನೋಡುವ ಜನ ಇದ್ದಾರೆ. ನಿಮ್ಮ ಲೆಕ್ಕ ನಿಮಗೆ ಸರಿ, ಅದರಲ್ಲಿ ತಪ್ಪಿಲ್ಲ. ಆದರೆ ಕೇಳುತ್ತಿರುವವರು ಚಳ್ಳಕೆರೆಯವರು. ಅಲ್ಲಿ ವರ್ಷದ ಮಳೆಯೇ 500 ಮಿಲಿಮೀಟರ್ ಆಸುಪಾಸು, ಅದೂ ಜಾಸ್ತಿ ಬೀಳುವುದು ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ. ಆಮೇಲೆ ಹೊಂಡಕ್ಕೆ ಹೊಸ ನೀರು ಎಲ್ಲಿಂದ ತರುತ್ತಾರೆ? ಬೇಸಿಗೆಯಲ್ಲಿ ದಿನಕ್ಕೆ ಆರೇಳು ಮಿಲಿಮೀಟರ್ ನೀರು ಸುಮ್ನೆ ಆವಿಯಾಗಿ ಹೋಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಎರಡು ಅಡಿ ಅದಕ್ಕೇ ಹೋಯಿತು. ಈರುಳ್ಳಿಗೆ ಹಾಯಿಸಿದ್ದು ಬೇರೆ.

ಹೊಳಲ್ಕೆರೆ ತೋಟ:
ಸಂಖ್ಯೆ ಸರಿ. ಜಾತಿ ಯಾವುದು ಅಂತಲೂ ಹೇಳಿ. ನಮ್ಮ ಕಡೆ ಎಲ್ಲರೂ ಕಾಟ್ಲಾ ಕಾಟ್ಲಾ ಅನ್ನುತ್ತಾರೆ, ಒಂದೇ ಜಾತಿ ಬಿಟ್ಟರೆ ಆಗುವುದಿಲ್ಲವಾ?

ಸೂಳೆಕೆರೆ ಬಯಲು:
ಒಂದೇ ಜಾತಿ ಬಿಟ್ಟರೆ ಹೊಂಡದ ಒಂದು ಪದರದ ಮೇವು ಮಾತ್ರ ಖರ್ಚಾಗುತ್ತದೆ. ಕಾಟ್ಲಾ ಮೇಲ್ಪದರದಲ್ಲಿ ತಿನ್ನುತ್ತದೆ. ರೋಹು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. 250ರಲ್ಲಿ ನೂರು ಕಾಟ್ಲಾ, 75 ರೋಹು, 75 ತಳದ ಮೀನು ಅಂತ ಇಟ್ಟುಕೊಳ್ಳಿ. ಬೆಳ್ಳಿಗೆಂಡೆ ಬೇಡ ಅನ್ನುತ್ತೇನೆ, ಅದು ಕಾಟ್ಲಾದ ಬಾಯಿಯ ತುತ್ತಿಗೇ ಬರುತ್ತದೆ. ಬದುವಿನ ಹುಲ್ಲು, ನುಗ್ಗೆ ಸೊಪ್ಪು, ಕುದುರೆ ಮೆಂತ್ಯ ದಿನಾ ಹಾಕಲು ಆಗುತ್ತದೆ ಅನ್ನುವವರು ಹತ್ತು ಹದಿನೈದು ಹುಲ್ಲುಗೆಂಡೆ ಸೇರಿಸಿ, ಅಷ್ಟನ್ನು ಬೇರೆಯದರಲ್ಲಿ ಕಡಿಮೆ ಮಾಡಿ.

ತಳದ ಮೀನಿಗೆ ಅಮೂರ್ ಗೆಂಡೆ ಸಿಕ್ಕರೆ ಅದನ್ನೇ ತನ್ನಿ. ನಮ್ಮ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಸಾಕಿ ನೋಡಿ ರೈತರಿಗೆ ಕೊಟ್ಟ ತಳಿ ಅದು. ಹಳೇ ಗೆಂಡೆ ಬೇಗ ಮೊಟ್ಟೆ ಕಟ್ಟಿ ಬೆಳವಣಿಗೆ ನಿಲ್ಲಿಸುತ್ತದೆ, ಅಮೂರ್ ತಡವಾಗಿ ಬಲಿಯುತ್ತದೆ, ಹಾಗಾಗಿ ತೂಕ ಬರುತ್ತದೆ. ಒಂದು ಎಚ್ಚರ, ಗೆಂಡೆ ಮಣ್ಣು ಕೆದಕುವ ಮೀನು. ಹಾಳೆ ಇಲ್ಲದ ಮಣ್ಣಿನ ಹೊಂಡದಲ್ಲಿ ಜಾಸ್ತಿ ಬಿಟ್ಟರೆ ಬದು ಸಡಿಲ ಮಾಡುತ್ತದೆ, ನೀರೂ ಸದಾ ಕೆಂಪಗೆ ಇರುತ್ತದೆ.

ಇನ್ನೊಂದು. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಹರಿಯುವ ಹೊಳೆಯಲ್ಲಿ ಮಳೆಗಾಲಕ್ಕೆ ಮೊಟ್ಟೆ ಇಡುವ ಮೀನುಗಳು ಇವು, ಮರಿ ಕೇಂದ್ರಗಳಲ್ಲಿ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸುತ್ತಾರೆ. ಅಂದರೆ ಈ ಮೂರು ಜಾತಿ ನೀವು ಎಷ್ಟು ಬಿಟ್ಟಿರೋ ಅದಕ್ಕಿಂತ ಒಂದೂ ಜಾಸ್ತಿ ಆಗುವುದಿಲ್ಲ. ಇದು ಒಳ್ಳೆಯದೇ. ಸಂಖ್ಯೆ ನಿಮ್ಮ ಕೈಯಲ್ಲೇ ಇರುತ್ತದೆ.

ಜಗಳೂರು ಸೀಮೆ:
ಹಾಗಾದರೆ ಜಿಲೇಬಿ ಮೀನು, ಅದೇ ತಿಲಾಪಿಯಾ, ಬಿಡಬಹುದಲ್ಲ? ಒಂದು ಸಲ ಬಿಟ್ಟರೆ ತಾನೇ ಮರಿ ಮಾಡುತ್ತದೆ, ಪ್ರತಿ ವರ್ಷ ಮರಿ ತರುವ ಖರ್ಚು ಉಳಿಯುತ್ತದೆ. ನಮ್ಮೂರ ಕೆರೆಯಲ್ಲಿ ಅದೇ ತುಂಬಿದೆ.

ಸೂಳೆಕೆರೆ ಬಯಲು:
ತಾನೇ ಮರಿ ಮಾಡುತ್ತದೆ ಅನ್ನುವುದೇ ಅದರ ತೊಂದರೆ. ಕೆಲವೇ ತಿಂಗಳಲ್ಲಿ ಬಲಿತು ಮರಿ ಹಾಕುತ್ತದೆ, ತಾಯಿ ಬಾಯಿಯಲ್ಲೇ ಮೊಟ್ಟೆ ಇಟ್ಟುಕೊಂಡು ಕಾಯುತ್ತದೆ, ಹಾಗಾಗಿ ಮರಿ ಸಾಯುವುದೂ ಕಡಿಮೆ. ನಾಲ್ಕು ಗುಂಟೆ ಹೊಂಡದಲ್ಲಿ ಸ್ವಲ್ಪ ದಿನಕ್ಕೇ ಸಾವಿರಾರು ಮೀನು, ಎಲ್ಲವೂ ಅಂಗೈಗಿಂತ ಚಿಕ್ಕವು. ನೀವು ಹಾಕಿದ ಮೇವೆಲ್ಲ ಅವೇ ತಿಂದು ಕಾಟ್ಲಾ ಸೊರಗುತ್ತದೆ. ಗಂಡು ಮೀನುಗಳನ್ನೇ ಬಿಡುವ ಗಿಫ್ಟ್ ತಿಲಾಪಿಯಾ ಬೇರೆ ವಿಷಯ, ಅದಕ್ಕೆ ಮೀನುಗಾರಿಕೆ ಇಲಾಖೆಯ ಅನುಮತಿ ಬೇಕು, ಎಲ್ಲೆಂದರಲ್ಲಿ ತಂದು ಬಿಡುವಂತಿಲ್ಲ.

ಆಫ್ರಿಕನ್ ಕ್ಯಾಟ್‌ಫಿಶ್ ಮರಿಯನ್ನು ಯಾರಾದರೂ ಅಗ್ಗಕ್ಕೆ ತಂದರೆ ಬಾಗಿಲಲ್ಲೇ ವಾಪಸ್ ಕಳಿಸಿ. 2000ದಿಂದಲೇ ದೇಶದಲ್ಲಿ ಅದರ ಸಾಕಣೆಗೆ ನಿಷೇಧ ಇದೆ. ಸಿಕ್ಕ ಮೀನನ್ನೆಲ್ಲ ತಿನ್ನುತ್ತದೆ, ಹೊಂಡ ಕೋಡಿ ಬಿದ್ದಾಗ ಹಳ್ಳಕ್ಕೆ ಸೇರಿದರೆ ಮತ್ತೆ ತೆಗೆಯಲು ಆಗುವುದಿಲ್ಲ. ನಮ್ಮ ಹಳ್ಳಗಳಲ್ಲಿ ಉಳಿದಿರುವ ನಾಟಿ ಮೀನೇ ಸ್ವಲ್ಪ. ಅವನ್ನೂ ಕಳೆದುಕೊಳ್ಳುವುದು ಬೇಡ.

ಹಿರಿಯೂರು ದಾಳಿಂಬೆ:
ಇಲ್ಲಿ ಯಾರೂ ಔಷಧಿ ವಿಷಯ ಎತ್ತಿಲ್ಲ. ನಮ್ಮ ಕಡೆ ಹೊಂಡದ ಮೀನು ಜಾಸ್ತಿ ಸಾಯುವುದು ಅದಕ್ಕೇ.

ದಾಳಿಂಬೆಗೆ ಅಂಗಮಾರಿ ಬಂದರೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿ ಇರುವುದು ಮೈಲುತುತ್ತ. ಮೀನಿಗೆ ತಾಮ್ರ ತುಂಬಾ ಕೆಟ್ಟದ್ದು. ಇನ್ನು ಹುಳುವಿಗೆ ಹೊಡೆಯುವ ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಇವೆಯಲ್ಲ, ಅವು ಮನುಷ್ಯರಿಗಿಂತ ಮೀನಿಗೆ ಎಷ್ಟೋ ಪಟ್ಟು ಜಾಸ್ತಿ ವಿಷ. ಸಿಂಪಡಿಸುವ ಕ್ಯಾನ್ ಹೊಂಡದಲ್ಲಿ ಒಮ್ಮೆ ಅದ್ದಿ ತೊಳೆದರೆ ಸಾಕು, ಮೀನು ಮಗುಚಿ ತೇಲುತ್ತವೆ. ಕೂಲಿಗೆ ಬಂದವರಿಗೆ ಇದು ಗೊತ್ತಿರುವುದಿಲ್ಲ, ಹತ್ತಿರದ ನೀರು ಅಂತ ಅಲ್ಲೇ ತೊಳೆಯುತ್ತಾರೆ. ಅವರನ್ನು ಬೈದು ಏನು ಪ್ರಯೋಜನ, ಔಷಧಿ ಕಲಸಲು ಬೇರೆ ಡ್ರಮ್, ಬೇರೆ ಜಾಗ ನಾವೇ ಮಾಡಿಕೊಡಬೇಕು. ಹೊಡೆಯುವ ದಿನ ಗಾಳಿ ಹೊಂಡದ ಕಡೆ ಬೀಸುತ್ತಿದ್ದರೆ ಆ ಸಾಲು ಬಿಡಿ. ಹೊಲದ ಮೊದಲ ಮಳೆ ನೀರು ನೇರ ಹೊಂಡಕ್ಕೆ ಬರದ ಹಾಗೆ ಹೂಳು ಗುಂಡಿಯ ಹತ್ತಿರ ಒಂದು ಅಡ್ಡ ಹಲಗೆ ಇಟ್ಟು ಪಕ್ಕಕ್ಕೆ ತಿರುಗಿಸಿ. ಚಳ್ಳಕೆರೆಯವರೇ, ನಿಮ್ಮ ಈರುಳ್ಳಿಗೂ ಔಷಧಿ ಹೊಡೆಯುತ್ತೀರಿ, ಇದನ್ನ ಮರೆಯಬೇಡಿ.

ಚಳ್ಳಕೆರೆ ಹೊಲ:
ಇದು ನಿಜಕ್ಕೂ ತಲೆಗೆ ಹೊಳೆದೇ ಇರಲಿಲ್ಲ. ಹೊಂಡದ ನೀರಿನಲ್ಲೇ ಔಷಧಿ ಕಲಸುವುದು ನಮ್ಮಲ್ಲಿ ರೂಢಿ. ಬೇರೆ ಡ್ರಮ್ ಇಡುತ್ತೇವೆ.

ಮೇವು ಏನು ಹಾಕಬೇಕು? ಕಾಳು ಮೇವಿನ ಚೀಲದ ಬೆಲೆ ಕೇಳಿ ಹೆದರಿಕೆ ಆಯಿತು. ಇನ್ನು ಹಾಳೆ ಇರುವ ಹೊಂಡದಲ್ಲಿ ಪಾಚಿ ಬೆಳೆಯಲ್ಲ, ಮೀನಿಗೆ ತಿನ್ನಲು ಏನೂ ಇರಲ್ಲ ಅನ್ನುತ್ತಾರೆ, ಹೌದಾ?

ಸೂಳೆಕೆರೆ ಬಯಲು:
ಅರ್ಧ ಹೌದು. ಮಣ್ಣಿನ ಹೊಂಡದಲ್ಲಿ ತಳದಿಂದ ಸತ್ವ ಸಿಗುತ್ತದೆ. ಹಾಳೆ ಹೊಂಡದಲ್ಲಿ ನಾವು ಕೊಡಬೇಕು. ಹಾಳೆ ಮೇಲೆ ತಳದಲ್ಲಿ ಅರ್ಧ ಅಡಿ ಕಲ್ಲಿಲ್ಲದ ಕೆರೆ ಮಣ್ಣು ಹರಡಿದರೆ ಒಳ್ಳೆಯದು, ಆದರೆ ನಿಮ್ಮದು ಈಗಾಗಲೇ ತುಂಬಿದೆ, ಅದು ಮುಂದಿನ ಸಲಕ್ಕೆ. ಈಗ ಸಗಣಿ. ಹೆಕ್ಟೇರ್‌ಗೆ ವರ್ಷಕ್ಕೆ ಹತ್ತು ಟನ್ ಹಸಿ ಸಗಣಿ ಅನ್ನುವ ಲೆಕ್ಕದಲ್ಲಿ ನಿಮಗೆ ವರ್ಷಕ್ಕೆ 440 ಕೆ.ಜಿ. ಬರುತ್ತದೆ. ಮರಿ ಬಿಡುವ ಹತ್ತು ಹದಿನೈದು ದಿನ ಮೊದಲು 80, 90 ಕೆ.ಜಿ. ಹಾಕಿ, ಉಳಿದದ್ದು ಸ್ವಲ್ಪ ಸ್ವಲ್ಪ. ಸುಮ್ನೆ ಎರಚಬೇಡಿ, ಗೋಣಿಚೀಲದಲ್ಲಿ ತುಂಬಿ ಮೂಲೆಯಲ್ಲಿ ಕಟ್ಟಿ ಇಳಿಬಿಡಿ. ಸತ್ವ ನೀರಿಗೆ ಇಳಿಯುತ್ತದೆ, ಕಸ ಚೀಲದಲ್ಲೇ ಉಳಿಯುತ್ತದೆ, ಡ್ರಿಪ್ ಫಿಲ್ಟರ್ ಕಟ್ಟುವುದೂ ಕಡಿಮೆ.

ನೀರಿನ ಬಣ್ಣ ನೋಡುವುದು ಕಲಿಯಿರಿ, ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ. ಮೊಣಕೈವರೆಗೆ ಕೈ ಮುಳುಗಿಸಿ ಅಂಗೈ ನೋಡಿ. ನೀರು ತಿಳಿ ಹಸಿರು ಇದ್ದು, ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾಗಿ ಮರೆಯಾದರೆ ಸರಿಯಾಗಿದೆ. ಮೊಣಕೈ ಮುಳುಗಿದ ಮೇಲೂ ಬೆರಳು ಸ್ಪಷ್ಟ ಕಂಡರೆ ಸಗಣಿ ಬೇಕು. ಮಣಿಕಟ್ಟು ಮುಳುಗುವುದರೊಳಗೇ ಬೆರಳು ಕಾಣದಿದ್ದರೆ ಸಗಣಿಯನ್ನೂ ಮೇವನ್ನೂ ನಿಲ್ಲಿಸಿ.

ಮೇವಿಗೆ ನೀವು ದೂರ ಹೋಗಬೇಕಿಲ್ಲ. ನಿಮ್ಮೂರೇ ಎಣ್ಣೆ ಗಿರಣಿಗಳ ಊರು, ಶೇಂಗಾ ಹಿಂಡಿ ಅಲ್ಲೇ ಸಿಗುತ್ತದೆ. ಅಕ್ಕಿ ತೌಡು ದಾವಣಗೆರೆ, ಹರಿಹರದ ಗಿರಣಿಗಳಿಂದ ಬರುತ್ತದೆ. ಎರಡೂ ಸಮ ತೂಕ ಬೆರೆಸಿ, ಹಿಂದಿನ ರಾತ್ರಿ ನೆನೆಸಿ, ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟು ನೀರಿಗೆ ಇಳಿಸಿ. ಮೀನಿನ ಒಟ್ಟು ತೂಕದ ನೂರಕ್ಕೆ 3ರಷ್ಟು ಸಾಕು, ದೊಡ್ಡದಾದ ಮೇಲೆ 2. ಉದಾಹರಣೆಗೆ 250 ಮೀನು ತಲಾ ನೂರು ಗ್ರಾಂ ಇದ್ದರೆ ಒಟ್ಟು 25 ಕೆ.ಜಿ., ದಿನಕ್ಕೆ ಮುಕ್ಕಾಲು ಕೆ.ಜಿ. ಮೇವು. ತಟ್ಟೆಯಲ್ಲಿ ಉಳಿದರೆ ನಾಳೆ ಕಡಿಮೆ ಮಾಡಿ. ಬೂಷ್ಟು ಹಿಡಿದ ಹಿಂಡಿ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ, ಶೇಂಗಾ ಬೂಷ್ಟಿನ ವಿಷ ಮೀನಿನ ಯಕೃತ್ತನ್ನು ಹಾಳು ಮಾಡುತ್ತದೆ.

ಹರಿಹರ ಕಾಲುವೆ:
ಮೇವಿನ ವಿಷಯದಲ್ಲಿ ಒಪ್ಪುತ್ತೇನೆ. ಆದರೆ ಮೋಡ ಮುಚ್ಚಿದ ದಿನ ಮೇವೇ ಬೇಡ ಅಂತ ಸೇರಿಸಿ. ಬಿಸಿಲಿಲ್ಲದ ದಿನ ಪಾಚಿ ಆಮ್ಲಜನಕ ಕೊಡುವುದು ಕಡಿಮೆ, ರಾತ್ರಿಯಿಡೀ ಅದೂ ಎಳೆದುಕೊಳ್ಳುತ್ತದೆ. ಬೆಳಗಿನ ಜಾವ ನಾಲ್ಕರಿಂದ ಆರು ಗಂಟೆ ಕೆಟ್ಟ ಹೊತ್ತು. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಹಸಿವು ಅಂತ ಮೇವು ಎಸೆಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಅವು ಉಸಿರಿಗೆ ಒದ್ದಾಡುತ್ತಿರುತ್ತವೆ. ಪಂಪ್ ಹಚ್ಚಿ ಹೊಂಡದ ನೀರನ್ನೇ ಎತ್ತಿ ಮೇಲಿಂದ ಚಿಮ್ಮಿಸಿ ಹೊಂಡಕ್ಕೇ ಬೀಳಿಸಿ, ಸೂರ್ಯ ಮೇಲೆ ಬರುವವರೆಗೆ. ಡ್ರಿಪ್‌ಗೆ ಇಟ್ಟ ಪಂಪ್ ಇದ್ದೇ ಇರುತ್ತದೆ, ಬೇರೆ ಯಂತ್ರ ಬೇಕಿಲ್ಲ. ಬೋರ್ ನೀರು ಬಿಡುವುದಾದರೂ ಎತ್ತರದಿಂದ ಬೀಳಿಸಿ. ನೆಲದೊಳಗಿಂದ ಬಂದ ನೀರಿನಲ್ಲಿ ಆಮ್ಲಜನಕ ಇರುವುದೇ ಕಡಿಮೆ.

ಹೊಳಲ್ಕೆರೆ ತೋಟ:
ಸುಣ್ಣ ಹಾಕಬೇಕಾ? ಎಲ್ಲರೂ ಹೆಕ್ಟೇರ್‌ಗೆ 200 ಕೆ.ಜಿ. ಅನ್ನುತ್ತಾರೆ.

ಹಿರಿಯೂರು ದಾಳಿಂಬೆ:
ನೀರು ನೋಡಿ ಹಾಕಿ. ಚಿತ್ರದುರ್ಗದ ಬೋರ್ ನೀರು ಬಹಳ ಕಡೆ ಗಡಸು, ಫ್ಲೋರೈಡ್ ಬೇರೆ. ಅಂಥ ನೀರಿಗೆ ಸುಣ್ಣ ಹಾಕಿದರೆ ಪಿಎಚ್, ಅಂದರೆ ನೀರಿನ ಹುಳಿ ಕ್ಷಾರದ ಅಳತೆ, ಇನ್ನೂ ಏರುತ್ತದೆ. 7ರಿಂದ 8.5ರ ಒಳಗೆ ಇದ್ದರೆ ಸುಮ್ನೆ ಬಿಟ್ಟುಬಿಡಿ. ಮಳೆ ನೀರು ಮಾತ್ರ ತುಂಬಿದ ಹಾಳೆ ಹೊಂಡಕ್ಕೆ ಸ್ವಲ್ಪ ಬೇಕಾಗಬಹುದು. ನಮ್ಮ ಜಿಲ್ಲೆಯವರು ಬಬ್ಬೂರು ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರದಲ್ಲಿ, ದಾವಣಗೆರೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ.

ಮಾಯಕೊಂಡ:
ನಾನು ಇನ್ನೊಂದು ಕಡೆಯಿಂದ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಹೊಂಡಕ್ಕೆ ಮೀನು ಬಿಡುವ ಮಾತು ಬಂದಾಗ ಅಮ್ಮ ಬೇಡ ಅಂದರು, ಸಾಕಿ ಕೊಲ್ಲುವುದಕ್ಕೆ ಯಾಕೆ ಅಂತ. ಅವರ ಮಾತಿಗೂ ಬೆಲೆ ಇದೆ. ಕೊನೆಗೆ ಪಕ್ಕದ ಹೊಲದವರಿಗೆ ಹೊಂಡವನ್ನು ಮೀನಿಗೆ ಕೊಟ್ಟಿದ್ದೇವೆ, ಮರಿ ಅವರದು, ಮೇವು ಅವರದು, ನೀರು ನಮ್ಮದು. ಬೆಳೆಗೆ ನೀರು ಬೇಕಾದಾಗ ನಾವು ಎತ್ತುತ್ತೇವೆ ಅಂತ ಮೊದಲೇ ಮಾತಾಗಿದೆ. ಮೀನಿದ್ದ ನೀರು ಹಾಯಿಸಿದ ಮೇಲೆ ಬದನೆ ಗಿಡ ಚೆನ್ನಾಗಿ ಕಾಣುತ್ತಿದೆ. ನಮ್ಮಂಥ ಮನೆಗಳು ಈ ಕಡೆ ಬಹಳ ಇವೆ, ಹೊಂಡ ಖಾಲಿ ಬಿಡುವ ಬದಲು ಹೀಗೂ ಮಾಡಬಹುದು ಅಂತ ಬರೆದೆ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಹಾಳೆ ಹೊಂಡಕ್ಕೆ ಮೀನು ಬಂದ ಮೇಲೆ ಮಕ್ಕಳು ಬಂದೇ ಬರುತ್ತಾರೆ. ನೋಡಲು ಬರುತ್ತಾರೆ, ಗಾಳ ಹಾಕಲು ಬರುತ್ತಾರೆ. ಒದ್ದೆ ಹಾಳೆ ಮೇಲೆ ಕಾಲು ನಿಲ್ಲುವುದಿಲ್ಲ, ಈಜು ಬಲ್ಲ ದೊಡ್ಡವರೂ ಮೇಲೆ ಹತ್ತಲಾಗದೆ ಸತ್ತಿದ್ದಾರೆ. ಬೇಲಿ ಇಲ್ಲದ ಹೊಂಡಕ್ಕೆ ಮೀನು ಬಿಡಲೇಬೇಡಿ. ನಾಲ್ಕೂ ಬದಿಯಲ್ಲಿ ಗಂಟು ಹಾಕಿದ ದಪ್ಪ ಹಗ್ಗ ತಳದವರೆಗೆ ಇಳಿಬಿಟ್ಟು ಮೇಲೆ ಗೂಟಕ್ಕೆ ಬಿಗಿಯಾಗಿ ಕಟ್ಟಿ. ಹಳೇ ಟ್ಯೂಬ್ ಎರಡು ಸದಾ ನೀರಿನ ಮೇಲಿರಲಿ. ಮೇವು ಹಾಕಲು ಒಬ್ಬರೇ ಹೋಗಬೇಡಿ, ಅದರಲ್ಲೂ ಮಕ್ಕಳ ಕೈಯಲ್ಲಿ ಮೇವು ಕೊಟ್ಟು ಕಳಿಸಬೇಡಿ.

ಚಳ್ಳಕೆರೆ ಹೊಲ:
ಬೇಲಿ ಮೂರು ಕಡೆ ಇದೆ. ನಾಲ್ಕನೆಯದು ಈ ವಾರವೇ ಮುಗಿಸುತ್ತೇವೆ, ಹಗ್ಗವೂ ಕಟ್ಟುತ್ತೇವೆ. ಆಮೇಲೇ ಮರಿ.

ಮರಿ ಎಲ್ಲಿಂದ ತರಲಿ, ಯಾವ ಅಳತೆಯದು? ಮನೆಗೆ ಬಂದವರು ಕಾಲು ಅಂಗುಲದ ಮರಿ ಕಡಿಮೆ ಬೆಲೆಗೆ ಕೊಡುತ್ತೇನೆ ಅಂದಿದ್ದರು.

ಸೂಳೆಕೆರೆ ಬಯಲು:
ಅದಕ್ಕೇ ಅವರು ಎರಡು ಸಾವಿರ ಅಂದಿದ್ದು. ಅಷ್ಟು ಚಿಕ್ಕ ಮರಿಯಲ್ಲಿ ಬಹುಪಾಲು ಕಪ್ಪೆ, ನೀರುಹಾವು, ನೀರಿನ ಜೀರುಂಡೆ, ಮಿಂಚುಳ್ಳಿ ಪಾಲಾಗುತ್ತವೆ. ಉಳಿದದ್ದು ಎಷ್ಟು ಅಂತ ನಿಮಗೆ ಗೊತ್ತೇ ಆಗುವುದಿಲ್ಲ, ಮೇವಿನ ಲೆಕ್ಕವೂ ತಪ್ಪುತ್ತದೆ. ಕನಿಷ್ಠ ನಾಲ್ಕು ಅಂಗುಲದ ಮರಿ ತನ್ನಿ, ಇನ್ನೂ ದೊಡ್ಡದು ಸಿಕ್ಕರೆ ಇನ್ನೂ ಒಳ್ಳೆಯದು. ಬೆಲೆ ಜಾಸ್ತಿ, ಆದರೆ ನಿಮ್ಮ ಹೊಂಡದಲ್ಲಿ ನೀರು ಇರುವುದು ಏಳೆಂಟು ತಿಂಗಳು ಮಾತ್ರ. ಅದರಲ್ಲಿ ಎರಡು ತಿಂಗಳು ಮರಿ ಬೆರಳುದ್ದ ಆಗುವುದಕ್ಕೇ ಹೋದರೆ ತೂಕ ಯಾವಾಗ ಬರುವುದು? ಇಲಾಖೆಯ ಮರಿ ಕೇಂದ್ರಗಳಲ್ಲಿ ಮೊದಲೇ ಹೇಳಿಟ್ಟು ತನ್ನಿ. ನಮ್ಮ ಕಡೆಯವರು ಭದ್ರಾ ಅಣೆಕಟ್ಟಿನ ಬಿಆರ್‌ಪಿ ಕೇಂದ್ರಕ್ಕೆ ಹೋಗುತ್ತಾರೆ. ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿದರೆ ಹತ್ತಿರದ್ದು ಯಾವುದು ಅಂತ ಹೇಳುತ್ತಾರೆ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಸಹಾಯಧನವನ್ನೂ ಅಲ್ಲೇ ವಿಚಾರಿಸಿ. ಸಾಮಾನ್ಯ ವರ್ಗಕ್ಕೆ ನೂರಕ್ಕೆ 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ ಪಂಗಡದವರಿಗೆ 60.

ಆಮ್ಲಜನಕ ತುಂಬಿದ ಚೀಲವನ್ನು ತಂದ ಕೂಡಲೇ ಬಿಚ್ಚಿ ಸುರಿಯಬೇಡಿ. ಸಂಜೆ ತಂಪಿನಲ್ಲಿ, ಇಲ್ಲವೇ ಬೆಳಿಗ್ಗೆ ಬಿಸಿಲೇರುವ ಮೊದಲು, ಚೀಲ ಹಾಗೇ ನೀರಿನ ಮೇಲೆ ಕಾಲು ಗಂಟೆ ತೇಲಲಿ. ಆಮೇಲೆ ಬಾಯಿ ಬಿಚ್ಚಿ ಹೊಂಡದ ನೀರು ಸ್ವಲ್ಪ ಸ್ವಲ್ಪ ಸೇರಿಸಿ, ಮರಿಗಳು ತಾವೇ ಈಜಿ ಹೊರಗೆ ಹೋಗಲಿ. ಹೊಂಡದ ಮೇಲೆ ಅಡ್ಡಡ್ಡ ದಾರ ಎಳೆದು ಕಟ್ಟಿ, ನೀರುಕಾಗೆ ಇಳಿಯಲು ಹಿಂಜರಿಯುತ್ತವೆ.

ಜಗಳೂರು ಸೀಮೆ:
ಹಿಡಿಯುವುದು ಹೇಗೆ? ಬೀಸುಬಲೆಯ ಸೀಸದ ಗುಂಡು ಹಾಳೆಗೆ ತಾಗಿದರೆ ತೂತು ಬೀಳುವುದಿಲ್ಲವಾ?

ಸೂಳೆಕೆರೆ ಬಯಲು:
500 ಮೈಕ್ರಾನ್ ಹಾಳೆ ಗುಂಡಿಗೆ ಸುಲಭಕ್ಕೆ ಹರಿಯುವುದಿಲ್ಲ, ಗುಂಡು ಎಳೆದಾಡಿದಾಗ ಮಡಿಕೆ ಇರುವ ಕಡೆ ಹರಿಯುತ್ತದೆ. ಗುಂಡಿನ ಬದಲು ದಪ್ಪ ಹಗ್ಗ ಕಟ್ಟಿದ ಎಳೆಬಲೆ ಒಳ್ಳೆಯದು, ಎರಡು ಬದಿಯಿಂದ ಇಬ್ಬರು ದಡದ ಮೇಲೆ ನಿಂತೇ ಎಳೆಯಬಹುದು. ತಿಂಗಳಿಗೊಮ್ಮೆ ಹತ್ತು ಮೀನು ಹಿಡಿದು ತೂಗಿ ಬಿಡಿ, ಮೇವಿನ ಲೆಕ್ಕ ಅದರ ಮೇಲೆ.

ಎಲ್ಲ ಮೀನನ್ನೂ ಒಂದೇ ದಿನ ಹಿಡಿಯುವುದಕ್ಕೆ ಕಾಯಬೇಡಿ. ಫೆಬ್ರವರಿಯಿಂದಲೇ ದೊಡ್ಡವನ್ನು ಆರಿಸಿ ತೆಗೆಯುತ್ತಾ ಹೋಗಿ. ನೀರು ಇಳಿದಂತೆ ಮೀನೂ ಇಳಿಯಬೇಕು. ಯುಗಾದಿ ಮರುದಿನ ಹೊಸತೊಡಕಿಗೆ ದಡದಲ್ಲೇ ಜೀವಂತ ಮೀನು ಅಂದರೆ ಊರವರೇ ಬಂದು ಕೊಳ್ಳುತ್ತಾರೆ, ಮಾರುಕಟ್ಟೆಗೆ ಮಂಜುಗಡ್ಡೆ ಹಾಕಿ ಸಾಗಿಸುವ ಕೆಲಸ ಇರುವುದಿಲ್ಲ. ನೀರು ಒಂದು ಮೀಟರ್‌ಗೆ ಬರುವ ಹೊತ್ತಿಗೆ ಐವತ್ತು ಅರವತ್ತು ಮೀನಿಗಿಂತ ಜಾಸ್ತಿ ಇರಬಾರದು. ಅವು ಮುಂದಿನ ಮಳೆವರೆಗೆ ಉಳಿದರೆ ಒಳ್ಳೆಯ ಒಂದು ಕೆ.ಜಿ. ಮೀನಾಗುತ್ತವೆ. ನೀರು ಇನ್ನೂ ಇಳಿಯಿತು ಅಂದರೆ ಅವನ್ನೂ ಹಿಡಿದುಬಿಡಿ, ಹೊಂಡ ಪೂರ್ತಿ ಒಣಗಲಿ. ಮಳೆ ನೀರಿನ ಜೊತೆ ಹಳ್ಳದಿಂದ ಬಂದ, ಬೇರೆ ಮೀನು ತಿನ್ನುವ ಕೊರವ ಮೀನು ಇದ್ದರೆ ಅದೂ ಆಗಲೇ ಹೋಗುತ್ತದೆ. ಹಾಳೆಯ ತೂತು ನೋಡಿ ತೇಪೆ ಹಾಕಲು, ತಳಕ್ಕೆ ಕೆರೆ ಮಣ್ಣು ಹರಡಲು ನಿಮಗೆ ಅದೇ ಸಮಯ.

ಚಳ್ಳಕೆರೆ ಹೊಲ:
ಸರಿ, 250. ನೂರು ಕಾಟ್ಲಾ, 75 ರೋಹು, 65 ಅಮೂರ್ ಗೆಂಡೆ, ಹತ್ತು ಹುಲ್ಲುಗೆಂಡೆ. ಬದುವಿನಲ್ಲಿ ಹುಲ್ಲು ಬೇಕಾದಷ್ಟಿದೆ. ನಾಳೆ ಬೆಳಿಗ್ಗೆ ಮೀನುಗಾರಿಕೆ ಕಚೇರಿಗೆ ಹೋಗಿ ನಾಲ್ಕು ಅಂಗುಲದ ಮರಿ ಎಲ್ಲಿ ಸಿಗುತ್ತದೆ ಕೇಳಿಕೊಂಡು ಬರುತ್ತೇನೆ. ಅಮೂರ್ ಸಿಗದಿದ್ದರೆ ಆ ಜಾಗಕ್ಕೆ ಮೃಗಾಲ್ ಹಾಕಬಹುದಾ?

ಸೂಳೆಕೆರೆ ಬಯಲು:
ಹಾಕಿ. ಅಷ್ಟೇ ಸಂಖ್ಯೆ.